ಆರ್ಡಿಸ್ ಹೆಸರು ಅಂಟಿಸಿದ್ದ ಒಂದೇ ವಸ್ತು

ಆರ್ಡಿಸ್ ಮೂವತ್ತೊಂದು ವರ್ಷ ಶಾಲೆಯ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದವಳು. ಅಮೆರಿಕದ ಐಯೊವಾದ ಹಾರ್ಲಿ ಗ್ರೋವ್ ಊರಿನಲ್ಲಿ ಇವತ್ತು ಟ್ರ್ಯಾಕ್ಟರ್ ಓಡಿಸುವವರು, ಬ್ಯಾಂಕಿನ ಗಾಜಿನ ಹಿಂದೆ ಕೂತವರು, ಕೊನೆಗೆ ಚರ್ಚಿನ ಪಾದ್ರಿ ಕೂಡ ಒಂದು ಕಾಲದಲ್ಲಿ ತಟ್ಟೆ ಹಿಡಿದು ಅವಳೆದುರು ಸಾಲಿನಲ್ಲಿ ನಿಂತವರೇ. ಯಾರಿಗೆ ಬಟಾಣಿ ಸೇರದು, ಯಾರಿಗೆ ಇನ್ನೊಂದು ಸೌಟು ಬೇಕಿದ್ದರೂ ಕೇಳಲು ನಾಚಿಕೆ ಎಂಬುದು ಅವಳಿಗೆ ಗೊತ್ತಿರುತ್ತಿತ್ತು. ಕೇಳುವ ಮೊದಲೇ ಬಡಿಸುತ್ತಿದ್ದಳು. ತನಗೇನು ಬೇಕೆಂದು ಕೇಳುವ ಅಭ್ಯಾಸ ಮಾತ್ರ ಅವಳಿಗೆ ಬರಲೇ ಇಲ್ಲ.

ಒಂದೇ ಒಂದು ಸಲ ಕೇಳಿದ್ದಳು. ಅದೂ ಬಾಯಿಬಿಟ್ಟಲ್ಲ, ಬರೆದು.

ಹದಿನೆಂಟು ವರ್ಷದ ಹಿಂದಿನ ಮಾತು. ಅಪ್ಪ ತೀರಿಕೊಂಡ ವರ್ಷ. ಮನೆಮಂದಿಯೆಲ್ಲ ಸೇರುವ ನವೆಂಬರ್ ಹಬ್ಬದ ಊಟ ಮುಗಿದ ಮೇಲೆ ಅಮ್ಮ ಇರ್ಮಾ, ಎಲ್ಲ ಮನೆಗಳಲ್ಲೂ ಹಿರಿಯರು ಮಾಡುವಂತೆ, ಕಾಗದದ ಟೇಪಿನ ಒಂದು ಸುರುಳಿಯನ್ನೂ ಪೆನ್ನನ್ನೂ ಮೇಜಿನ ನಡುವೆ ಇಟ್ಟಳು.

"ನಾನು ಹೋದ್ಮೇಲೆ ನನ್ನ ಸಾಮಾನಿಗೆ ಕಿತ್ತಾಡ್ಬೇಡಿ. ಯಾರಿಗೆ ಏನು ಬೇಕೋ ಈಗ್ಲೇ ಹೆಸರು ಬರೆದು ಅಂಟಿಸ್ಬಿಡಿ. ಹೆಸರಿದ್ದೋರಿಗೆ ಸಾಮಾನು. ಅಷ್ಟೇ."

ತಂಗಿ ರೊಂಡಾ ಕುರ್ಚಿಯಿಂದ ಎದ್ದವಳು ಮತ್ತೆ ಕೂರಲೇ ಇಲ್ಲ. ಗೋಡೆ ಗಡಿಯಾರ, ಪಿಂಗಾಣಿ ಇಟ್ಟಿದ್ದ ಗಾಜಿನ ಬೀರು, ದೀಪಗಳು, ಇಸ್ತ್ರಿಪೆಟ್ಟಿಗೆ, ಎಲ್ಲದರ ತಳದಲ್ಲೂ ಅವಳ ಹೆಸರು ಹತ್ತಿತು. ಒಟ್ಟು ಮೂವತ್ನಾಲ್ಕು. "ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ನಂಗೂ ಒಂದು ಅಂಟಿಸ್ತಾಳೆ," ಎಂದು ಆರ್ಡಿಸ್‌ಳ ಗಂಡ ಡ್ವೇನ್ ಹೇಳಿದಾಗ ಎಲ್ಲರೂ ನಕ್ಕಿದ್ದರು.

ಆರ್ಡಿಸ್ ಒಂದೇ ಒಂದು ತುಂಡು ಹರಿದುಕೊಂಡಳು. ಅಡುಗೆಮನೆಯ ಹಿಟ್ಟಿನ ಬೀರುವಿನ ಬಾಗಿಲು ತೆರೆದು, ಒಳಮೈಗೆ ಅಂಟಿಸಿ, ಬೆರಳಿನಿಂದ ಎರಡು ಸಲ ಒತ್ತಿದಳು.

ಓಕ್ ಮರದ ಹಳೆಯ ಬೀರು ಅದು. ಎಡಗಡೆ ಹಿಟ್ಟು ತುಂಬುವ ತಗಡಿನ ತೊಟ್ಟಿ, ಅದರ ತಳದಲ್ಲಿ ಜರಡಿ, ಜರಡಿಗೊಂದು ಹಿಡಿ. ಹಿಡಿ ತಿರುಗಿಸಿದರೆ ಹಿಟ್ಟು ಸದ್ದಿಲ್ಲದೆ ಹಿಮದಂತೆ ಬಟ್ಟಲಿಗೆ ಇಳಿಯುತ್ತಿತ್ತು. ಆರ್ಡಿಸ್‌ಗೆ ಆರು ವರ್ಷವಿದ್ದಾಗ, ಶನಿವಾರ ಬೆಳಿಗ್ಗೆ, ರೊಂಡಾ ಇನ್ನೂ ತೊಟ್ಟಿಲಲ್ಲಿ ಮಲಗಿರುವಾಗ, ಅಮ್ಮ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ "ತಿರುಗ್ಸು ಮರಿ" ಅನ್ನುತ್ತಿದ್ದಳು. ಅವಳ ಪುಟ್ಟ ಕೈಯ ಮೇಲೆ ಅಮ್ಮನ ಹಿಟ್ಟಾದ ಕೈ. ವಾರದಲ್ಲಿ ಆ ಅರ್ಧ ಗಂಟೆ ಅಮ್ಮ ಪೂರ್ತಿ ಅವಳೊಬ್ಬಳಿಗೇ ಸೇರಿದವಳು. ರೊಂಡಾ ಎದ್ದು ಅತ್ತರೆ ಅದು ಮುಗಿಯಿತು. ಇದನ್ನು ಆರ್ಡಿಸ್ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ಹೇಳಬೇಕಾಗಿಯೇ ಇಲ್ಲ ಅಂದುಕೊಂಡಿದ್ದಳು.

ಈಗ ಇರ್ಮಾಗೆ ಎಂಬತ್ನಾಲ್ಕು. ಮೆಟ್ಟಿಲು ಹತ್ತಲಾಗದೆ, ಚರ್ಚಿನ ಹಿಂದಿನ ಎರಡು ಕೋಣೆಯ ಮನೆಗೆ ಹೋಗುವುದೆಂದು ತಾನೇ ತೀರ್ಮಾನಿಸಿದ್ದಳು. ಜೂನ್ ತಿಂಗಳ ಮೊದಲ ಶನಿವಾರ ಊರಿಗೆ ಊರೇ ಮನೆಯ ಹಳೆ ಸಾಮಾನನ್ನು ಅಂಗಳಕ್ಕೆ ತಂದು ಮಾರುತ್ತದೆ. ಅದೇ ದಿನ ಇವರ ಮಾರಾಟವೂ. ಹೆಸರಿದ್ದವು ಹೆಸರಿದ್ದವರಿಗೆ, ಉಳಿದದ್ದು ಅಂಗಳಕ್ಕೆ.

ವಾರವಿಡೀ ಆರ್ಡಿಸ್ ದುಡಿದಳು. ಅಟ್ಟದಿಂದ ಪೆಟ್ಟಿಗೆ ಇಳಿಸಿದಳು, ಪಾತ್ರೆ ತೊಳೆದಳು, ಬೆಲೆಚೀಟಿ ಅಂಟಿಸಿದಳು, ಚರ್ಚಿನಿಂದ ಮಡಚುವ ಮೇಜುಗಳನ್ನು ಹೊತ್ತು ತಂದಳು. ಬೀರುವನ್ನು ಆಗಲೇ ಗ್ಯಾರೇಜಿಗೆ ಸಾಗಿಸಿ ಹಳೆ ಹಾಸುಬಟ್ಟೆ ಹೊದಿಸಿದ್ದರು. ಅದು ತನಗೆಂದೇ ಬೇರೆ ಇಟ್ಟದ್ದೆಂದು ಅವಳ ಎಣಿಕೆ. ಅತ್ತ ಅವಳ ಮನೆಯಲ್ಲಿ ಡ್ವೇನ್ ಅಡುಗೆಮನೆಯ ಗೋಡೆಯ ಶೆಲ್ಫನ್ನು ಬಿಚ್ಚಿ, ಮೊಳೆಯ ತೂತು ಮುಚ್ಚಿ, ತಿಳಿ ಹಸಿರು ಬಣ್ಣ ಬಳಿದಿದ್ದ. "ಮೂರು ಸಲ ಅಳತೆ ತಗೊಂಡಿದೀಯ. ಬೀರು ಬೆಳೆಯಲ್ಲ ಕಣೆ," ಎಂದು ಛೇಡಿಸಿದ್ದ. ಮಧ್ಯಾಹ್ನ ಹನ್ನೆರಡಕ್ಕೆ ಪಿಕಪ್ ತರುವೆನೆಂದಿದ್ದ.

ಶನಿವಾರ ಬೆಳಿಗ್ಗೆ ಏಳಕ್ಕೆ ಆರ್ಡಿಸ್ ಎರಡು ಟ್ರೇ ದಾಲ್ಚಿನ್ನಿ ಬನ್ನು ಬೇಯಿಸಿಕೊಂಡು ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ದೊಡ್ಡ ಎನಾಮೆಲ್ ಪಾತ್ರೆ ಇತ್ತು. ನೀಲಿಯ ಮೇಲೆ ಬಿಳಿ ಚುಕ್ಕೆ. ಹಬ್ಬಕ್ಕೆ ಇಡೀ ಟರ್ಕಿ ಕೋಳಿ ಬೇಯಿಸುವ ಪಾತ್ರೆ. ಅಂಗಳಕ್ಕೋ ಹೊಸ ಮನೆಗೋ ಎಂದು ನೋಡಲು ಮಗುಚಿದಳು. ತಳದಲ್ಲಿ ಹಳದಿಗಟ್ಟಿದ ಟೇಪು. ಆರ್ಡಿಸ್ ಎಂದು ಅವಳದೇ ಕೈಬರಹ. ಹಳೆ ಅಂಟು ಸತ್ತುಹೋಗಿತ್ತೇನೋ, ಮೇಲೆ ಹೊಸದಾಗಿ ಪಾರದರ್ಶಕ ಟೇಪು ಹಾಕಿ ನಿಲ್ಲಿಸಿದ್ದರು.

ಅವಳು ಈ ಪಾತ್ರೆಯನ್ನು ಕೇಳಿರಲೇ ಇಲ್ಲ.

ಪಾತ್ರೆ ಅಲ್ಲೇ ಬಿಟ್ಟು ಗ್ಯಾರೇಜಿಗೆ ಹೋಗಿ ಹಾಸುಬಟ್ಟೆ ಎತ್ತಿದಳು. ಬೀರುವಿನ ಬಾಗಿಲ ಒಳಗೆ, ಹೆಸರಿದ್ದ ಜಾಗದಲ್ಲಿ, ಬೆರಳುದ್ದದ ತಿಳಿ ಗೆರೆ. ಮರದ ಹಳೆ ಬಣ್ಣ ಅಲ್ಲಿ ಮಾತ್ರ ಹಾಗೇ ಉಳಿದಿತ್ತು.

ಹೊರಗೆ ರೊಂಡಾ ಹ್ಯಾಂಗರಿಗೆ ಅಂಗಿ ತೂಗುಹಾಕುತ್ತಿದ್ದಳು.

"ಬೀರು ಮೇಲಿದ್ದ ನನ್ನ ಹೆಸರು ಎಲ್ಲಿ ಹೋಯ್ತು ರೊಂಡಾ?"

"ನನ್ನ ಕೇಳ್ತೀಯಲ್ಲ! ನನ್ನ ಹೆಸರಲ್ಲಿರೋ ಮೂವತ್ನಾಲ್ಕನ್ನ ಎಲ್ಲಿ ತುರುಕೋದು ಅಂತ ಗಂಡ ದಿನಾ ಜಗಳ ಆಡ್ತಿದಾನೆ. ನಿನ್ನ ಹಿಟ್ಟಿನ ಡಬ್ಬ ಬೇರೆ ಬೇಕಿತ್ತಾ ನಂಗೆ?"

"ಮತ್ತೆ ಯಾರು ಕಿತ್ತಿದ್ದು?"

"ಇಲಿ ಕಿತ್ತಿರ್ಬೇಕು. ಓದೋಕೆ ಬರೋ ಇಲಿ."

"ಚಿಕ್ಕೋಳಿದ್ದಾಗಿಂದ ನಿನ್ನ ಕಣ್ಣು ನನ್ನ ತಟ್ಟೆ ಮೇಲೇ," ಅಂದಳು ಆರ್ಡಿಸ್.

ರೊಂಡಾ ಕೈಯಲ್ಲಿ ಅಂಗಿ ಹಿಡಿದು ಹಾಗೇ ನಿಂತುಬಿಟ್ಟಳು. ಐವತ್ತು ವರ್ಷದಲ್ಲಿ ಅಕ್ಕ ಇಂಥ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

ಅಷ್ಟರಲ್ಲಿ ಬಿಳಿ ವ್ಯಾನೊಂದು ಬಂದು ನಿಂತಿತು. ಇಳಿದವನು ಪ್ರೆಂಟಿಸ್. ಪಕ್ಕದ ಜಿಲ್ಲೆಯಲ್ಲಿ ಹಳೆ ಮರದ ಸಾಮಾನಿನ ಅಂಗಡಿ ಇಟ್ಟವನು.

"ಮಾರಾಟ ಎಂಟಕ್ಕೆ ಶುರು," ಅಂದಳು ಆರ್ಡಿಸ್.

"ಗೊತ್ತು ಮೇಡಂ. ನಾನು ಏನೂ ಕೊಳ್ಳೋಕೆ ಬಂದಿಲ್ಲ. ಕೊಂಡಿರೋದನ್ನ ತಗೊಂಡು ಹೋಗೋಕೆ ಬಂದೆ. ಹಿಟ್ಟಿನ ಬೀರು. ಎರಡು ವಾರದ ಹಿಂದೇನೇ ಇರ್ಮಾ ಅವ್ರ ಕೈಗೆ ದುಡ್ಡು ಕೊಟ್ಟಿದೀನಿ."

ಇರ್ಮಾ ಮೇಪಲ್ ಮರದ ನೆರಳಲ್ಲಿ ಹುಲ್ಲಿನ ಟೋಪಿ ಹಾಕಿ, ಮಡಿಲಲ್ಲಿ ಒಂದು ಬನ್ನು ಇಟ್ಟುಕೊಂಡು ಕೂತಿದ್ದಳು. ಆರ್ಡಿಸ್ ಅವಳೆದುರು ಹೋಗಿ ನಿಂತಳು. ಅಮ್ಮನೇ ಮಾತು ತೆಗೆದಳು.

"ಹೂಂ, ಕೊಟ್ಟೆ ಕಣೆ. ಒಳ್ಳೆ ಬೆಲೆ ಬಂತು. ಹೊಸ ಮನೆಗೆ ಆ ಗುಂಡಿ ಒತ್ತಿದ್ರೆ ಎಬ್ಬಿಸಿ ನಿಲ್ಸೋ ಕುರ್ಚಿ ಬೇಕಲ್ಲ ನಂಗೆ."

"ಅದರ ಮೇಲೆ ನನ್ನ ಹೆಸರಿತ್ತಮ್ಮ."

"ಇತ್ತು. ನಾನೇನು ಬಿಸಾಕಿದ್ನಾ? ಹರೀದೇ ಇರೋ ಹಾಗೆ ಹುಷಾರಾಗಿ ಬಿಡಿಸಿ ಕೋಳಿ ಬೇಯಿಸೋ ಪಾತ್ರೆಗೆ ಹಾಕಿದೀನಿ. ನಿಂಗೆ ಅದೇ ಉಪಯೋಗ. ಇಪ್ಪತ್ತು ಜನಕ್ಕೆ ಮಾಡೋಳು ನೀನು."

"ಮಾರೋಕೆ ಗಾಜಿನ ಬೀರು ಇತ್ತಲ್ಲ?"

"ಅದನ್ನೂ ಕೇಳ್ದ. ಅದರ ಮೇಲೆ ರೊಂಡಾ ಹೆಸರು. ಮುಟ್ಟಿದ್ರೆ ಒಂದು ವರ್ಷ ನನ್ನ ಫೋನೇ ಎತ್ತಲ್ಲ ಅವಳು. ಯಾರಿಗೆ ಬೇಕು ಆ ರಂಪ?"

"ನನ್ನ ಒಂದು ಮಾತು ಕೇಳಬಹುದಿತ್ತು."

ಅಮ್ಮ ನಿಜಕ್ಕೂ ಆಶ್ಚರ್ಯದಿಂದ ತಲೆಯೆತ್ತಿದಳು. "ಕೇಳಿದ್ರೆ ನೀನು ಸರಿ ಅಂತಿದ್ದೆ. ಅಂದ್ಮೇಲೆ ಕೇಳೋದೇನು?"

ಬೇರೆ ಏನು ಹೇಳಿದ್ದರೂ ಆರ್ಡಿಸ್ ತಡೆದುಕೊಳ್ಳುತ್ತಿದ್ದಳು. ಈ ಮಾತು ಸುಳ್ಳಾಗಿದ್ದರೂ ತಡೆದುಕೊಳ್ಳುತ್ತಿದ್ದಳು. ಆದರೆ ಅದು ನಿಜವಾಗಿತ್ತು. ಕೇಳಿದ್ದರೆ ಅವಳು ಸರಿ ಅನ್ನುತ್ತಿದ್ದಳು. ಅಮ್ಮ ಅವಳನ್ನು ಅಷ್ಟು ಚೆನ್ನಾಗಿ ಅರಿತಿದ್ದಳು. ಅರಿತದ್ದನ್ನು ಈ ಕೆಲಸಕ್ಕೆ ಬಳಸಿಕೊಂಡಿದ್ದಳು. ಹರಿಯದಂತೆ ಹುಷಾರಾಗಿ ಟೇಪು ಬಿಡಿಸುತ್ತಿರುವ ಆ ವಯಸ್ಸಾದ ಬೆರಳುಗಳು ಅವಳ ಕಣ್ಣಿಗೆ ಕಟ್ಟಿದವು. ಒಂದು ಕಾಲದಲ್ಲಿ ತನ್ನ ಕೈಯ ಮೇಲಿದ್ದ ಬೆರಳುಗಳೇ.

ಹಿಂದೆ ಬಂದು ನಿಂತಿದ್ದ ರೊಂಡಾ ಎಲ್ಲ ಕೇಳಿಸಿಕೊಂಡಿದ್ದಳು. "ಅಮ್ಮಾ, ಅವಳು ಕೇಳಿದ್ದು ಅದೊಂದೇ ಅಲ್ವಾ?" ಎಂದು ಮೆಲ್ಲಗೆ ಅಂದಳು. ತಂಗಿಯ ಮೇಲೆ ಸಿಟ್ಟಾಗುವ ಸುಲಭವೂ ಆರ್ಡಿಸ್‌ಗೆ ಉಳಿಯಲಿಲ್ಲ.

ಪ್ರೆಂಟಿಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ನೋಡಿ ಮೇಡಂ, ಮನೆಯೋರ ಮಧ್ಯೆ ಮನಸ್ತಾಪ ಮಾಡಿ ನಾನು ಸಾಮಾನು ಒಯ್ಯಲ್ಲ. ನಿಮ್ಮದು ಅನ್ನಿ, ಇಲ್ಲೇ ಬಿಟ್ಟು ಹೋಗ್ತೀನಿ. ನನ್ನ ದುಡ್ಡು ವಾಪಸ್ ಕೊಟ್ರಾಯ್ತು."

ಮೂವರೂ ಆರ್ಡಿಸ್ ಕಡೆ ನೋಡಿದರು. ಅಮ್ಮನ ಮುಖದಲ್ಲಿ ಆತಂಕವಿರಲಿಲ್ಲ. ಉತ್ತರ ಗೊತ್ತಿರುವವಳಂತೆ ಬನ್ನಿನ ಸುರುಳಿಯ ಒಂದು ಪದರ ಬಿಡಿಸಿ ಬಾಯಿಗಿಟ್ಟುಕೊಂಡಳು.

ತಿಳಿ ಹಸಿರು ಗೋಡೆಗೆ ಬೀರು ತಂದು ನಿಲ್ಲಿಸಿದರೆ ದಿನಾ ಬೆಳಿಗ್ಗೆ ಬಾಗಿಲು ತೆರೆಯಬೇಕು. ತೆರೆದಾಗಲೆಲ್ಲ ಆ ತಿಳಿ ಗೆರೆ ಕಾಣಬೇಕು.

"ತಗೊಂಡು ಹೋಗಿ," ಅಂದಳು ಆರ್ಡಿಸ್.

"ನಾನು ಹೇಳ್ಲಿಲ್ವಾ?" ಅಂದಳು ಅಮ್ಮ, ಪ್ರೆಂಟಿಸ್‌ಗೆ. "ನನ್ನ ದೊಡ್ಡ ಮಗಳು ಚಿನ್ನ."

ಬೀರುವನ್ನು ತಳ್ಳುಗಾಡಿಗೆ ಏರಿಸುವ ಮೊದಲು ಆರ್ಡಿಸ್ "ಒಂದು ನಿಮಿಷ" ಅಂದು ಜರಡಿಯ ಹಿಡಿ ಹಿಡಿದು ಒಂದು ಸುತ್ತು ತಿರುಗಿಸಿದಳು. ಬಿಗಿಯಾಗಿತ್ತು. ಎಂದಿನದೋ ಒಂದು ಚಿಟಿಕೆ ಹಿಟ್ಟು ಗ್ಯಾರೇಜಿನ ಸಿಮೆಂಟಿನ ಮೇಲೆ ಉದುರಿತು. ವ್ಯಾನ್ ಹೋಯಿತು.

ಆಮೇಲೆ ಅವಳು ಒಳಗೆ ಹೋಗಿ ಎನಾಮೆಲ್ ಪಾತ್ರೆ ತಂದಳು. ಒಂದು ಡಾಲರ್ ಎಂದು ಚೀಟಿ ಬರೆದು ಅಂಟಿಸಿ, ಎಲ್ಲಕ್ಕಿಂತ ಮುಂದಿನ ಮೇಜಿನ ಮೇಲೆ, ದಾರಿಗೆ ಎದ್ದು ಕಾಣುವಂತೆ ಇಟ್ಟಳು.

ಎಂಟಕ್ಕೆ ಜನ ಬಂದರು. ಪಾತ್ರೆಯನ್ನು ಮೊದಲು ಎತ್ತಿದವಳು ಬಸುರಿ ಹುಡುಗಿ, ಊರಿಗೆ ಹೊಸಬಳು.

"ಅಯ್ಯೋ, ಇದಕ್ಕೆ ಒಂದೇ ಡಾಲರಾ? ಎಲ್ಲಾದ್ರೂ ತೂತಿದೆಯಾ?"

"ತೂತಿಲ್ಲ. ಐವತ್ತು ಹಬ್ಬ ಕಂಡಿದೆ."

ಹುಡುಗಿ ಮಗುಚಿ ನೋಡಿದಳು. "ಯಾರದೋ ಹೆಸರಿದೆ ಇಲ್ಲಿ. ಆರ್ಡಿಸ್ ಅಂದ್ರೆ ಯಾರು?"

"ಇಲ್ಲಿ ಕೊಡಿ." ಆರ್ಡಿಸ್ ಉಗುರಿನಿಂದ ಟೇಪಿನ ತುದಿ ಎಬ್ಬಿಸಿ ಒಂದೇ ಎಳೆತಕ್ಕೆ ಕಿತ್ತಳು. ಅದು ಅರ್ಧಕ್ಕೆ ಹರಿಯಿತು. ಎರಡೂ ತುಂಡನ್ನು ಏಪ್ರನ್ ಜೇಬಿಗೆ ಹಾಕಿಕೊಂಡು ಪಾತ್ರೆಯನ್ನು ಹಳೆ ಪತ್ರಿಕೆಯಲ್ಲಿ ಸುತ್ತಿಕೊಟ್ಟಳು.

ಮರದ ಕೆಳಗಿನಿಂದ ಅಮ್ಮ ಕೂಗಿದಳು. "ಏ ಆರ್ಡಿಸ್! ಅದು ಮಾರೋದಲ್ಲ ಕಣೆ! ನವೆಂಬರಲ್ಲಿ ಕೋಳಿ ಯಾವುದ್ರಲ್ಲಿ ಬೇಯಿಸ್ತೀಯ?"

"ಬೇಯಿಸಲ್ಲಮ್ಮ."

"ಮತ್ತೆ ಊಟ?"

"ರೊಂಡಾ ಹತ್ರ ಮೂವತ್ನಾಲ್ಕು ಸಾಮಾನಿದೆ. ಯಾವುದ್ರಲ್ಲಾದ್ರೂ ಆಗತ್ತೆ."

ಅಮ್ಮನ ಮುಖದಲ್ಲಿ ಈಗ ಮೊದಲ ಸಲ ಏನೋ ಅಲುಗಾಡಿತು. "ಅಲ್ವೇ, ಅದನ್ನ ಮಾರೋ ಮುಂಚೆ ನನ್ನ ಒಂದು ಮಾತು ಕೇಳಬಾರದಿತ್ತಾ?"

ಆರ್ಡಿಸ್ ಗಿರಾಕಿಗೆ ಚಿಲ್ಲರೆ ಕೊಟ್ಟು ಮುಗಿಸಿದ ಮೇಲೆ ಉತ್ತರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಕೇಳಿದ್ರೆ ನೀನು ಬೇಡ ಅಂತಿದ್ದೆ."

ಹನ್ನೆರಡಕ್ಕೆ ಡ್ವೇನ್ ಪಿಕಪ್ ತಂದ. ಹಿಂದೆ ಹಗ್ಗ, ಬೀರುವಿಗೆ ಗೀರು ಬೀಳದಿರಲೆಂದು ಎರಡು ಕಂಬಳಿ. ಗ್ಯಾರೇಜಿನಲ್ಲಿ ಇಣುಕಿ, ಖಾಲಿ ಜಾಗ ನೋಡಿ, ಹೆಂಡತಿಯ ಕಡೆ ತಿರುಗಿದ. ಅವಳು ಏಪ್ರನ್ ಬಿಚ್ಚಿ ಮೇಜಿನ ಮೇಲೆ ಮಡಚಿಟ್ಟಳು. ಮಾರಾಟ ಮುಗಿಯಲು ಇನ್ನೂ ಮೂರು ಗಂಟೆಯಿತ್ತು. ಬನ್ನಿನ ಟ್ರೇಗಳು ಅಲ್ಲೇ ಇದ್ದವು. ಅವಳು ಯಾವುದನ್ನೂ ತೆಗೆದುಕೊಳ್ಳದೆ ಬಂದು ಗಾಡಿ ಹತ್ತಿದಳು.

"ಶೆಲ್ಫ್ ಎಲ್ಲಿಟ್ಟಿದೀಯ?" ಎಂದು ಕೇಳಿದಳು.

"ಶೆಡ್ಡಲ್ಲಿದೆ."

"ಸಾಯಂಕಾಲ ಹಾಕ್ಬಿಡು."

"ತೂತು ಮುಚ್ಚಿಬಿಟ್ನಲ್ಲೇ."

"ಹೊಸದಾಗಿ ಕೊರಿ," ಅಂದಳು ಆರ್ಡಿಸ್.