ಪರಮೇಶಪ್ಪನವರ ಕಾರಿಗೆ ದೋಷವಿಲ್ಲ

ಬೇಲೂರಿನ ಬಟ್ಟೆ ಅಂಗಡಿ ಪರಮೇಶಪ್ಪನವರ ಪುಟ್ಟ ಕೆಂಪು ಕಾರಿನಲ್ಲಿ ಹುಳುಕು ಹುಡುಕಿದವರು ಅವರಿಗೆ ಆಜನ್ಮ ಶತ್ರುಗಳು. ರೇಸಿನ ಗಾಡಿಯಂತೆ ಹಿಂದೆ ರೆಕ್ಕೆಯಿದ್ದ ಆ ಕಾರು ತಾನಾಗಿ ಎಡಕ್ಕೆ ಎಳೆದರೆ "ರೂಲ್ಸ್ ಕಲಿತೈತೆ ಬಿಡಿ" ಎನ್ನುತ್ತಿದ್ದರು. ಕಿಟಕಿಯ ಗಾಜು ಅರ್ಧಕ್ಕೇ ನಿಂತರೆ "ಗಾಳಿ ಹದವಾಗಿ ಬತ್ತದೆ" ಎನ್ನುತ್ತಿದ್ದರು. ಕ್ಲಚ್ಚು ಕಿರುಗುಟ್ಟಿದರೆ ಹಾಡಿನ ಸದ್ದು ಏರಿಸುತ್ತಿದ್ದರು. ಪಕ್ಕದಲ್ಲಿ ಕೂತ ಹೆಂಡತಿ ವಸಂತಮ್ಮ ಮಾತ್ರ ಇಳಿಜಾರು ಬಂದಾಗಲೆಲ್ಲ ತಮ್ಮ ಕಾಲಡಿ ಇಲ್ಲದ ಬ್ರೇಕನ್ನು ಒತ್ತುತ್ತ ಮನೆದೇವರನ್ನು ನೆನೆಯುತ್ತಿದ್ದರು. ಒಂದು ದಿನ ಶೋರೂಮಿನಿಂದ ಫೋನ್ ಬಂತು: ಆ ಮಾದರಿಯ ಕಾರುಗಳಲ್ಲಿ ಬ್ರೇಕಿನ ಪೈಪು ಒಡೆಯುತ್ತಿದೆ, ಕಂಪನಿ ಎಲ್ಲವನ್ನೂ ವಾಪಸ್ ಕರೆಸಿ ಸರಿಮಾಡಿ ಕೊಡುತ್ತಿದೆ, ಅಲ್ಲಿಯವರೆಗೆ ಓಡಿಸಬೇಡಿ. "ಅವ್ರಿಗೆ ಬೇರೆ ಕೆಲ್ಸ ಇಲ್ಲ ಕಣೇ" ಎಂದು ಫೋನಿಟ್ಟ ಪರಮೇಶಪ್ಪ ಮರುದಿನವೂ ಅಂಗಡಿಗೆ ಕಾರಿನಲ್ಲೇ ಹೋದರು. ಬಾಣಂತನ ಮುಗಿಸಿದ ಮಗಳು ಸೌಂದರ್ಯ ಕೂಸಿನೊಂದಿಗೆ ಗಂಡಸಿ ಊರಿನ ಗಂಡನ ಮನೆಗೆ ಹೊರಟ ಬೆಳಿಗ್ಗೆ ತಾವೇ ಬಾಗಿಲು ತೆರೆದು ಅವಳನ್ನು ಹಿಂದೆ ಕೂರಿಸಿದರು. "ಬಸ್ಸಲ್ಲೋಗಾನ ಕಣ್ರೀ" ಎಂದು ವಸಂತಮ್ಮ ಹೇಳುತ್ತಿದ್ದಂತೆಯೇ ಪರಮೇಶಪ್ಪ ಎಂಜಿನ್ ಶುರು ಮಾಡಿದರು. ಕಾರು ಗೇಟು ದಾಟಿ ಇಳಿಜಾರಿನ ಬೀದಿಯ ಮೇಲ್ತುದಿಗೆ ಬಂದು ನಿಂತಿತು. ಪರಮೇಶಪ್ಪ ಕನ್ನಡಿಯಲ್ಲಿ ಕೂಸನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಎಂಜಿನ್ ಆರಿಸಿ, "ಇಳಿಯವ್ವ, ಬಸ್ಸಿಗೇ ಹೋಗಾನ" ಎಂದು ಕೂಸನ್ನು ಎತ್ತಿಕೊಂಡು ಮುಂದೆ ನಡೆದರು. ಬ್ಯಾಗು ಹಿಡಿದು ಹಿಂದೆ ಬಂದ ವಸಂತಮ್ಮ ನೋಡಿದರು: ಬೆಳಗಿನ ಆ ಚಳಿಯಲ್ಲೂ ಗಂಡನ ಅಂಗಿ ಬೆವರಿಗೆ ತೊಯ್ದು ಬೆನ್ನಿಗೆ ಅಂಟಿಕೊಂಡಿತ್ತು. ಇಷ್ಟು ದಿನ ಆ ಕಾರಿನಲ್ಲಿ ಹೆದರಿ ಕೂತದ್ದು ತಾವೊಬ್ಬರೇ ಅಲ್ಲವೆಂದು ಅವರಿಗೆ ಆಗ ತಿಳಿಯಿತು.