ಗಂಗಾನಗರದ ಮನೆಗೆ ಇಳಿದು ಬಂದ ಚಿತ್ರ

ಅದು ಎರಡು ಸಾವಿರನೇ ಇಸವಿ. ಯಲಹಂಕದ ಒಂದು ಖಾಸಗಿ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ನಾನು ಎಂಜಿನಿಯರ್. ಸ್ಕ್ಯಾನ್ ಓದಿ ವರದಿ ಕೊಡುವ ರೇಡಿಯಾಲಜಿಸ್ಟ್ ನಮ್ಮಲ್ಲಿದ್ದವರು ಡಾ. ಶೈಲಜಾ ಒಬ್ಬರೇ. ಅವರು ಕಾಲು ಮುರಿದುಕೊಂಡು ಗಂಗಾನಗರದ ಮನೆಯಲ್ಲೇ ಉಳಿಯಬೇಕಾದಾಗ, ಆಸ್ಪತ್ರೆಯ ನೆಟ್‌ವರ್ಕನ್ನು ಟೆಲಿಫೋನ್ ತಂತಿಯ ಮೂಲಕ ಅವರ ಮನೆಗೆ ಮುಟ್ಟಿಸುವ ಕೆಲಸ ನನ್ನ ಹೆಗಲೇರಿತು.

ಕಂಪ್ಯೂಟರನ್ನು ಫೋನ್ ತಂತಿಗೆ ಜೋಡಿಸುವ ಮನೆಯ ಮೋಡೆಮ್ ಆಸ್ಪತ್ರೆಗೆ ಡಯಲ್ ಮಾಡಬೇಕು. ಅಲ್ಲಿನ ಸರ್ವರ್ ಪಾಸ್‌ವರ್ಡ್ ಪರೀಕ್ಷಿಸಿ, ಲೈನ್ ಕಡಿದು, ತನ್ನಲ್ಲಿ ನಮೂದಾದ ನಂಬರಿಗೆ ತಾನೇ ತಿರುಗಿ ಕರೆ ಮಾಡುತ್ತದೆ. ಕಳ್ಳರು ನುಸುಳದಿರಲಿ ಎಂದು ಮಾಡಿದ ಈ 'ಕಾಲ್‌ಬ್ಯಾಕ್' ಏರ್ಪಾಡಿನ ಬಗ್ಗೆ ನನಗೆ ಭಾರೀ ಹೆಮ್ಮೆಯಿತ್ತು.

ನಾನು ಅವರ ಮನೆಯಲ್ಲಿ ಮೋಡೆಮ್ ಜೋಡಿಸಿ ಮುಗಿಸುವಷ್ಟರಲ್ಲಿ ಆಸ್ಪತ್ರೆಯಿಂದ ಡ್ಯೂಟಿ ಡಾಕ್ಟರ ಫೋನ್ ಬಂತು. ಅಮೃತಹಳ್ಳಿಯ ಹೆಂಗಸೊಬ್ಬರಿಗೆ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಗಿದೆ. ಚೆನ್ನಾಗಿಯೇ ಮಾತಾಡುತ್ತಿದ್ದಾರೆ, ಗಂಡ ಮನೆಗೆ ಕರೆದೊಯ್ಯುತ್ತೇನೆಂದು ಹಟ ಹಿಡಿದಿದ್ದಾರೆ.

"ಸ್ಕ್ಯಾನಲ್ಲಿ ಏನೋ ಇದೆ ಅನ್ಸುತ್ತೆ ಮೇಡಂ, ಖಾತ್ರಿ ಆಗ್ತಿಲ್ಲ. ನೀವೇ ನೋಡ್ಬೇಕು."

ಡಯಲ್ ಮಾಡಿದೆ. ಲೈನ್ ಕಡಿದು ಫೋನ್ ರಿಂಗಾಯಿತು. ಮೋಡೆಮ್ ಎತ್ತುವ ಮೊದಲೇ ಅಡುಗೆಮನೆಯಲ್ಲಿದ್ದ ಅದೇ ಲೈನಿನ ಇನ್ನೊಂದು ಫೋನನ್ನು ಶೈಲಜಾರ ವಯಸ್ಸಾದ ಅತ್ತೆ ಎತ್ತಿ, "ಹಲೋ, ಯಾರ್ರೀ?" ಎಂದರು. ಸಂಪರ್ಕ ಹೋಯಿತು. ಎರಡನೇ ಸಲವೂ ಅದೇ ಕಥೆ. ನನಗೆ ರೇಗಿಹೋಯಿತು.

"ಅಮ್ಮಾ, ದಯವಿಟ್ಟು ಎತ್ಬೇಡಿ! ಫೋನ್ ಮಾಡ್ತಿರೋದು ಕಂಪ್ಯೂಟರು."

"ಫೋನ್ ಬಡಕೋಳಾಕತ್ತಿದ್ರ ಸುಮ್ನ ಕುಂದರಬೇಕೇನು? ನಮ್ಮ ಧಾರವಾಡದಾಗ ಹಂಗ ಯಾರೂ ಮಾಡಂಗಿಲ್ಲ."

"ಅತ್ತೀ, ಒಂದ್ ಜೀವದ ಪ್ರಶ್ನಿ ಐತ್ರಿ," ಎಂದರು ಶೈಲಜಾ. ಅಜ್ಜಿ ತೆಪ್ಪಗೆ ಬಂದು ನಮ್ಮ ಪಕ್ಕದಲ್ಲಿ ಕೂತರು.

ಮೂರನೇ ಸಲ ಮೋಡೆಮ್ ಕೀಚಲು ದನಿಯಲ್ಲಿ ಕೂಗಿ ಸುಮ್ಮನಾಯಿತು, ಸಂಪರ್ಕ ಸಿಕ್ಕಿತು. ಕಪ್ಪು ಪರದೆಯ ಮೇಲೆ ಚಿತ್ರ ಗೆರೆಗೆರೆಯಾಗಿ ಇಳಿಯತೊಡಗಿತು. ಮೊದಲು ತಲೆಬುರುಡೆಯ ಬಿಳಿ ಕಮಾನು, ಆಮೇಲೆ ಮಿದುಳಿನ ಬೂದು ಮಡಿಕೆಗಳು. ಅಷ್ಟು ವರ್ಷ ತಂತಿಗಳ ಜತೆ ಹೆಣಗಿದವನಿಗೂ ಮೈ ಜುಮ್ಮೆಂದಿತು. ಯಲಹಂಕದಲ್ಲಿ ಮಲಗಿದ್ದ ಜೀವದ ಒಳಗು, ಬೀದಿಯ ಕಂಬಗಳ ಮೇಲೆ ಹಾದು ಈ ಕೋಣೆಗೆ ಬಂದಿತ್ತು.

ಬಲಗಡೆ ಬುರುಡೆಗೆ ಅಂಟಿದಂತೆ ಬಿಳಿಯ ಉಬ್ಬೊಂದು ಕಂಡಿತು. ಹೆಪ್ಪುಗಟ್ಟಿದ ರಕ್ತ. ಶೈಲಜಾ ಮೋಡೆಮ್ ಸಂಪರ್ಕ ಕಡಿದು ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದರು.

"ಮನೆಗೆ ಕಳಿಸ್ಬೇಡಿ. ಈಗ್ಲೇ ಆಪರೇಷನ್ ಆಗ್ಬೇಕು, ತಡವಾದ್ರೆ ಉಳಿಯಲ್ಲ."

ಸಂಜೆಯ ಹೊತ್ತಿಗೆ ಶಸ್ತ್ರಚಿಕಿತ್ಸೆ ಮುಗಿದು ಆಕೆ ಕಣ್ಣು ಬಿಟ್ಟ ಸುದ್ದಿ ಬಂತು. ನಾನು ಸಂತೋಷ ತಡೆಯಲಾರದೆ, ಚಿತ್ರ ಎಷ್ಟು ವೇಗದಲ್ಲಿ ಬಂತೆಂದು ಅಜ್ಜಿಗೆ ವಿವರಿಸುತ್ತಿದ್ದೆ. ಅವರು ಕೇಳಿದರು: "ಆಕಿ ಹೆಸರೇನೋ ತಮ್ಮಾ?"

ಆಕೆಯ ತಲೆಯ ಒಳಗನ್ನೇ ಕಂಡಿದ್ದ ನನಗೂ ಶೈಲಜಾರಿಗೂ ಗೊತ್ತಿದ್ದದ್ದು ಬರೀ ಒಂದು ಫೈಲ್ ನಂಬರ್. ಮತ್ತೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದೆ. ಗೌರಮ್ಮ ಎಂದರು. ತಂತಿಯ ಆ ತುದಿಯಲ್ಲಿ ಇರುವವರು ಯಾರೆಂದು ಮೊದಲು ಕೇಳಿಕೊಳ್ಳುವುದನ್ನು ಆ ಅಜ್ಜಿ ನನಗೆ ಕಲಿಸಿದ್ದು ಅಂದೇ.