ಕಲ್ಲವ್ವನ ನೀಲಗಿರಿ ಕೊಂಬೆ

ಕಳೆದ ಏಪ್ರಿಲಿನಲ್ಲಿ ಪುಣೆಯ ಒಂದು ಖಾಸಗಿ ಪ್ರಾಣಿ ಉದ್ಯಾನದಿಂದ ಗಂಡು ಕೊವಾಲಾ ಒಂದನ್ನು ಪೆಟ್ಟಿಗೆಯಲ್ಲಿ ಕೂರಿಸಿ ರಾಜಸ್ಥಾನದ ಮರಳುಗಾಡಿಗೆ ಸಾಗಿಸಲಾಯಿತು. ಅಲ್ಲಿ ಅದು ಸತ್ತಿತು.

ಈಗ ಬೆಳಕು ಹರಿಯುವ ಹೊತ್ತು. ಪುಣೆಯ ಅಂಚಿನ ಹಡಪಸರದಾಚೆಯ ಕಾಲುವೆಯ ಮೇಲೆ ಮಂಜು ಕೂತಿದೆ. ದೂರದ ಮಗರಪಟ್ಟಾದ ಬಹುಮಹಡಿ ಗೋಪುರಗಳಿಗೆ ಬುಡವಿಲ್ಲ, ತಲೆಗಳಷ್ಟೇ ತೇಲುತ್ತಿವೆ. ದಂಡೆಯ ನೀಲಗಿರಿ ಸಾಲಿನಲ್ಲಿ, ಉದ್ಯಾನಕ್ಕೆ ಎಲೆ ತರುವ ಕೂಲಿ ಕಲ್ಲವ್ವ ಬಿದಿರುಗಳಕ್ಕೆ ಕಟ್ಟಿದ ಕುಡುಗೋಲಿನಿಂದ ಎಳೆಯ ಕೊಂಬೆ ಎಳೆಯುತ್ತಾರೆ. ಎಲೆ ಹಿಸುಕಿ ಮೂಸುತ್ತಾರೆ, ಕೆಲವನ್ನು ಬಿಸಾಡುತ್ತಾರೆ. ಉಳಿದವನ್ನು ನೀರಿನ ಕೊಡದಲ್ಲಿ ನಿಲ್ಲಿಸಿ ತಲೆಯ ಮೇಲೆ ಹೊತ್ತು ನಡೆಯುತ್ತಾರೆ. ಆ ಮಂಜಿನಲ್ಲಿ ಹೆಂಗಸು ಕಾಣುವುದಿಲ್ಲ. ಮರವೊಂದು ತಾನೇ ನಡೆದು ಬರುತ್ತಿರುವಂತೆ ಕಾಣುತ್ತದೆ.

ಆಗಲೇ ಆ ದನಿ. ಕೆಟ್ಟ ಮೋಟಾರ್ ಸೈಕಲ್ಲನ್ನು ಯಾರೋ ಒದ್ದೊದ್ದು ಶುರು ಮಾಡುವಂಥ, ನಿದ್ದೆಯಲ್ಲಿ ಮುದುಕನೊಬ್ಬ ಉಸಿರಿಗೆ ತಡಕಾಡುವಂಥ ದನಿ. ಬರುತ್ತಿರುವುದು ಉದ್ಯಾನದ ಖಾಲಿ ಗಾಜಿನ ಕೋಣೆಯ ಕಡೆಯಿಂದ.

"ಕೇಳಿಸ್ತೇನ್ರಿ? ಗೌಡ," ಎನ್ನುತ್ತಾರೆ ಕಲ್ಲವ್ವ, ನಡಿಗೆ ನಿಧಾನಿಸದೆ.

ಗೌಡ ಎಂದರೆ ಸತ್ತ ಗಂಡು ಕೊವಾಲಾ, ಆ ಖಾಲಿ ಕೋಣೆ ಅದರದು. "ದಿನಾ ಪೂರ್ತಿ ಮಲಗತಿದ್ದ, ಎದ್ದರ ಎಲ್ಲಾರ ಮ್ಯಾಲೆ ಒದರತಿದ್ದ. ಮತ್ತ ಏನಂತ ಕರೀಲಿ?" ಉಳಿದಿರುವ ಹೆಣ್ಣು ಗೌಡಸಾನಿ. ಆ ದನಿ ನೀರಿನ ಪಂಪಿನದು ಎನ್ನುವುದು ಉದ್ಯಾನದ ಮ್ಯಾನೇಜರ್ ಚೇತನ ಅವರ ವಾದ. ಪಂಪಿನ ಸ್ವಿಚ್ ಆರಿದೆ. ಗೌಡಸಾನಿ ತನ್ನ ಮರದ ಕವಲಿನಲ್ಲಿ ಕೂತು, ಕತ್ತು ಹೊರಳಿಸಿ, ಖಾಲಿ ಕೋಣೆಯನ್ನೇ ನೋಡುತ್ತಿದೆ.

ಕೊಪ್ಪಳದ ಕಡೆಯ ಕಲ್ಲವ್ವ ಪುಣೆಗೆ ಬಂದದ್ದು ಕಟ್ಟಡ ಕೆಲಸಕ್ಕೆ. ಮಂಜಿನಲ್ಲಿ ತೇಲುವ ಆ ಗೋಪುರಗಳಿಗೆ ಬುಟ್ಟಿಯಲ್ಲಿ ಕಾಂಕ್ರೀಟು ಹೊತ್ತವರಲ್ಲಿ ಅವರೂ ಒಬ್ಬರು. ಅಲ್ಲಿ ವಾಸಿಸುವವರು ಭಾನುವಾರ ಇಲ್ಲಿಗೆ ಬಂದು ಕೊವಾಲಾದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಎಲೆ ತಂದವರು ಯಾರೆಂದು ಒಬ್ಬರೂ ಕೇಳಿಲ್ಲ. ಗಂಡ ಮುರುಗೆಪ್ಪ ಯೆರವಡಾದ ಬಾಡಿಗೆ ಕೋಣೆಯಲ್ಲಿ ತೀರಿಕೊಂಡ ಮೇಲೆ ಉದ್ಯಾನದವರು ಕೊಟ್ಟ ತಗಡಿನ ಶೆಡ್ಡೇ ಮನೆ. ಕೆಲಸ ಹೋದರೆ ಮನೆಯೂ ಹೋಗುತ್ತದೆ.

"ನಾ ಸಣ್ಣಾಕಿ ಇದ್ದಾಗ ನಮ್ಮೂರಾಗ ದನಾ ಮೇಯೋ ಜಾಗಾದಾಗ ನೀಲಗಿರಿ ಹಚ್ಚಿದ್ರು. ನಮ್ಮವ್ವ ಆ ಸಸಿ ಕಿತ್ತು ಪೊಲೀಸ್ರ ಗಾಡಿ ಹತ್ತಿದ್ಲು. ನಾ ಅದ ನೀಲಗಿರಿ ಕೊಯ್ದು ಉಣ್ಣಾಕತ್ತೀನಿ. ಆಕಿ ಇದ್ದಿದ್ರ ನನ್ನೂ ಕಿತ್ತು ಒಗೀತಿದ್ಲು!"

ಕೊವಾಲಾದ ನೆಲ ಆಸ್ಟ್ರೇಲಿಯಾದ ಪೂರ್ವ ಮತ್ತು ಆಗ್ನೇಯದ ನೀಲಗಿರಿ ಕಾಡು, ಹೊಳೆದಂಡೆಯ ಮರಸಾಲು. ಅದೇ ದೇಶದ ನಡುವಿನ ಮರಳುಗಾಡಿಗೆ ಅದು ಕಾಲಿಡುವುದಿಲ್ಲ. "ಅದಕ್ಕೆ ಎಲೆಯೇ ಊಟ, ಬಹುಮಟ್ಟಿಗೆ ಎಲೆಯೇ ನೀರು. ಒಣನೆಲದ ಎಲೆಯಲ್ಲಿ ಅಷ್ಟು ನೀರಿರೋದಿಲ್ಲ. ಸೆಕೆಯಾದರೆ ತಂಪಾದ ಕಾಂಡ ತಬ್ಬಿಕೊಂಡು ಮೈ ಆರಿಸಿಕೊಳ್ಳುತ್ತೆ. ಮರವೇ ಇಲ್ಲದ ಕಡೆ ಏನನ್ನು ತಬ್ಬಬೇಕು?" ಎಂದು ಕೇಳುತ್ತಾರೆ ಉದ್ಯಾನದ ಪಶುವೈದ್ಯೆ ಸಿಂಧೂರ. ಇದನ್ನೇ ಅವರು ಮಾಲೀಕರಿಗೂ ಹೇಳಿದ್ದರು. ಮಾಲೀಕರು ಕೇಳಿಸಿಕೊಂಡು, ಪೆಟ್ಟಿಗೆ ತರಿಸಿದರು.

ಕರೆಂಟು ಹೋದ ಒಂದು ಮಧ್ಯಾಹ್ನ ಗೌಡ ರಾಜಸ್ಥಾನದ ಗಾಜಿನ ಮನೆಯ ಕಬ್ಬಿಣದ ಕಂಬ ತಬ್ಬಿಕೊಂಡೇ ಸತ್ತಿತು. ಬಿಡಿಸಲು ಇಬ್ಬರು ಬೇಕಾಯಿತೆಂದು ಗಾಡಿಯ ಡ್ರೈವರ್ ಬಂದು ಹೇಳಿದ. ಪುಣೆಯೂ ಅದರ ಊರಲ್ಲ. ಇಲ್ಲಿ ಅದನ್ನು ಬದುಕಿಸಿದ್ದು ಒಬ್ಬ ಕೂಲಿ ಹೆಂಗಸಿನ ಕುಡುಗೋಲು. ಆದರೆ ಮಾಲೀಕರ ಮರಳುಗಾಡಿನ ಹೋಟೆಲಿನಲ್ಲಿ ಮದುವೆಗಳ ಕಾಲ ಬಂದಿದೆ, ಅತಿಥಿಗಳಿಗೆ ಕೊವಾಲಾ ಬೇಕು. ಇವತ್ತು ಗೌಡಸಾನಿಯ ಸರದಿ.

ಗಾಡಿ ಆಗಲೇ ಬಾಗಿಲಲ್ಲಿದೆ, ಪೆಟ್ಟಿಗೆ ಗೌಡಸಾನಿಯ ಮರದ ಕೆಳಗೆ. ಬೇರೆಯವರು ತಂದ ಎಲೆಯನ್ನು ಗೌಡಸಾನಿ ಮೂಸಿ ಬಿಡುತ್ತದೆ. ಕಲ್ಲವ್ವನ ಕೊಂಬೆ ಪೆಟ್ಟಿಗೆಯಲ್ಲಿದ್ದರೆ ಮಾತ್ರ ತಾನಾಗಿ ಇಳಿದು ಒಳಗೆ ಹೋಗುತ್ತದೆ. ಗೌಡ ಹೋದದ್ದೂ ಹಾಗೆಯೇ. ಹಿಡಿದು ಎಳೆದರೆ ಗಾಬರಿಗೇ ಸತ್ತೀತು ಎಂದು ಸಿಂಧೂರ ಎಚ್ಚರಿಸಿದ್ದಾರೆ.

"ಎಂತ ಕಲ್ಲವ್ವ, ಕೊಂಬೆ ಪೆಟ್ಟಿಗೆಯಲ್ಲಿ ಇಡು ಮಾರಾಯ್ತಿ," ಎನ್ನುತ್ತಾರೆ ಕುಂದಾಪುರ ಕಡೆಯ ಚೇತನ. "ಅಲ್ಲಿ ಎಸಿ ಉಂಟು. ಜನರೇಟರ್ ಸಹ ಹೊಸತು."

"ಎಸಿಯಾಗ ಎಲಿ ಚಿಗೀತಾವೇನ್ರಿ ಸಾಹೇಬ್ರ?"

"ಎಲೆ ಇಲ್ಲಿಂದ ಐಸ್ ಹಾಕಿ ಕಳಿಸುವ."

"ಗೌಡಗೂ ಹಿಂಗ ಅಂದಿದ್ರಿ. ಹೋಗಿ ಮುಟ್ಟೂದ್ರಾಗ ಹಪ್ಪಳ ಆಗಿದ್ವಂತ."

"ನೀನಿರುವ ಮನೆ ಯಾರದ್ದು ಅಂತ ನೆನಪುಂಟಲ್ಲ?"

ಕಲ್ಲವ್ವ ಕೊಡ ಇಳಿಸುತ್ತಾರೆ. ಪೆಟ್ಟಿಗೆಯನ್ನು ದಾಟಿ ಹೋಗಿ, ಹಸಿ ಕೊಂಬೆಗಳನ್ನು ಗೌಡಸಾನಿಯ ಕವಲಿಗೇ ಕಟ್ಟುತ್ತಾರೆ. ಅದು ಕೈ ಚಾಚಿ ಒಂದು ಎಲೆ ಹಿಡಿಯುತ್ತದೆ. ಖಾಲಿ ಕೋಣೆಯಿಂದ ಮತ್ತೆ ಆ ದನಿ. ಚೇತನ ಪಂಪಿನ ಕಡೆ ನೋಡುತ್ತಾರೆ, ಬೇಗನೆ ಕಣ್ಣು ಹೊರಳಿಸುತ್ತಾರೆ.

"ಶೆಡ್ಡಿನ ತಗಡ ನಿಮ್ಮದ ಐತ್ರಿ, ಬಿಚ್ಚಿಕೊಂಡು ಹೋಗ್ರಿ," ಎನ್ನುತ್ತಾರೆ ಕಲ್ಲವ್ವ, ಗಂಟು ಬಿಗಿಯುತ್ತ. "ಆ ಪೆಟ್ಟಿಗ್ಯಾಗ ನಾ ಕೊಂಬಿ ಇಡಂಗಿಲ್ಲ."